ಪಿಳ್ಳಾರಿ ಗೀತೆಯನ್ನು ಕೋಡಿನಲ್ಲಿ ಬರೆದು ಎಲ್ಲರಿಗೂ ಬಿಟ್ಟುಕೊಡುವುದು ಹೇಗೆ

ಎರಡು ವರ್ಷದ ಹಿಂದೆ, ಕೋಡ್ ಬರೆದರೆ ಸಂಗೀತ ನುಡಿಸುವ ಸೋನಿಕ್ ಪೈ ತಂತ್ರಾಂಶದಲ್ಲಿ ‘ಶ್ರೀ ಗಣನಾಥ’ ಎಂಬ ಪಿಳ್ಳಾರಿ ಗೀತೆಯನ್ನು (ಕರ್ನಾಟಕ ಸಂಗೀತ ಕಲಿಯುವ ಮಕ್ಕಳ ಆರಂಭದ ಪಾಠ) ಕೋಡಾಗಿ ಬರೆದು ಅಂತರ್ಜಾಲಕ್ಕೆ ಹಾಕಿದ್ದೆ. ಕೆಲವು ತಿಂಗಳ ಮೇಲೆ ಸಂಗೀತ ಶಿಕ್ಷಕಿಯೊಬ್ಬರು ಪತ್ರ ಬರೆದರು: “ನಮ್ಮ ಮಕ್ಕಳು ಐದೂವರೆ ಶ್ರುತಿಗೆ ಹಾಡ್ತಾರೆ ಸರ್. ನಿಮ್ಮ ಕೋಡನ್ನ ಆ ಶ್ರುತಿಗೆ ಬದಲಾಯಿಸಿಕೊಂಡು ಶಾಲೆಯ ಕಂಪ್ಯೂಟರುಗಳಿಗೆ ಹಾಕಬಹುದಾ? ಬಳಸಬಹುದು ಅಂತ ಎಲ್ಲೂ ಬರೆದಿಲ್ಲ, ಅದಕ್ಕೇ ಕೇಳ್ತಿದ್ದೀನಿ.”

ಪುರಂದರದಾಸರದೆಂದು ಪರಂಪರೆ ಹೇಳುವ ಹಾಡು ಅದು. ದಾಸರು ತೀರಿಕೊಂಡದ್ದು 1564ರಲ್ಲಿ. ಹಾಡನ್ನು ಹಾಡಲು ಯಾರ ಅಪ್ಪಣೆಯೂ ಬೇಡ. ಆದರೆ ನನ್ನ ಕಡತಕ್ಕೆ ಅಪ್ಪಣೆ ಬೇಕಾಗಿತ್ತು, ಯಾಕೆಂದರೆ ಅದನ್ನು ಎಲ್ಲರೂ ಬಳಸಬಹುದೆಂದು ನಾನು ಎಲ್ಲಿಯೂ ಬರೆದಿರಲಿಲ್ಲ. ಆ ಶಿಕ್ಷಕಿ ಕೇಳಿದರು. ಕೇಳದೆ ಸುಮ್ಮನೆ ಮುಂದೆ ಹೋದವರು ಎಷ್ಟು ಜನವೋ! ಬಿಡುಗಡೆಯಾಗಿರುವ ಹಾಡನ್ನು ತಂದು ನಾನೇ ಮತ್ತೆ ಬಾಗಿಲು ಹಾಕಿದಂತಾಗಿತ್ತು. ಆ ತಪ್ಪು ನಿಮ್ಮಿಂದ ಆಗದಿರಲಿ ಎಂದು, ಹಾಡು ಆರಿಸುವುದರಿಂದ ಹಿಡಿದು ಹಂಚುವವರೆಗಿನ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾವ ಭಾಷೆಯಲ್ಲಿ ಬರೆಯುವುದು

ಕಂಪ್ಯೂಟರಿಗೆ ಸಂಗೀತ ಬರೆದುಕೊಡುವ ಭಾಷೆಗಳು ಹೊಸವಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ 1957ರಲ್ಲೇ ಇಂಥದ್ದೊಂದನ್ನು ಮಾಡಿದ್ದರು. ಇಂದು ಸೂಪರ್‌ಕೊಲೈಡರ್, ಸಿಸೌಂಡ್, ಚಕ್, ಟೈಡಲ್, ಸ್ಟ್ರೂಡಲ್ ಎಂದು ಹಲವಿವೆ. ಮೊದಲ ಬಾರಿ ಬರೆಯುವವರಿಗೆ ನಾನು ಹೇಳುವುದು ಸೋನಿಕ್ ಪೈ. ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಸ್ಯಾಮ್ ಆರನ್ 2012ರಲ್ಲಿ ಇದನ್ನು ಶುರುಮಾಡಿದರು. ಶಾಲಾ ಮಕ್ಕಳಿಗೆ ಕೋಡಿಂಗ್ ಕಲಿಸಬೇಕು ಎಂಬುದೇ ಉದ್ದೇಶ. ಬರೆಯುವ ಭಾಷೆ ರೂಬಿಯ ಮೇಲೆ ನಿಂತಿದೆ, ನಾದ ಹೊರಡಿಸುವುದು ಸೂಪರ್‌ಕೊಲೈಡರ್. ವಿಂಡೋಸ್, ಮ್ಯಾಕ್, ಲಿನಕ್ಸ್, ರಾಸ್ಪ್‌ಬೆರಿ ಪೈ ಎಲ್ಲದರಲ್ಲೂ ಓಡುತ್ತದೆ, ದುಡ್ಡು ಕೊಡಬೇಕಿಲ್ಲ.

ಹಂಚಿಕೊಳ್ಳುವವರಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಹಾಡನ್ನು ವೇವ್ ಕಡತವಾಗಿ ಮುದ್ರಿಸಿಕೊಂಡರೆ ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ. ಅದೇ ಹಾಡಿನ ಕೋಡ್ ಒಂದೆರಡು ಕೆಬಿ, ವಾಟ್ಸಾಪ್ ಸಂದೇಶದಷ್ಟು. ಧ್ವನಿಯನ್ನು ಕಳಿಸಿದರೆ ಪಡೆದವರು ಕೇಳಬಹುದು, ಅಷ್ಟೇ. ಕೋಡ್ ಕಳಿಸಿದರೆ ಶ್ರುತಿ ಬದಲಿಸಬಹುದು, ಕಾಲ ನಿಧಾನ ಮಾಡಬಹುದು, ವೀಣೆಯಂಥ ನಾದ ಬೇಡವೆಂದರೆ ಬೇರೆಯದನ್ನು ಹಾಕಬಹುದು. ಆ ಶಿಕ್ಷಕಿಗೆ ಬೇಕಾಗಿದ್ದದ್ದು ಇದೇ.

ಹಾಡು ಆರಿಸುವಾಗ ಮೂರು ಪದರ ನೋಡಿ

‘ಹಳೇ ಹಾಡು, ಕಾಪಿರೈಟ್ ಇರಲ್ಲ’ ಎಂದು ನಮ್ಮಲ್ಲಿ ಸಲೀಸಾಗಿ ಹೇಳಿಬಿಡುತ್ತೇವೆ. ಒಂದು ಹಾಡಿನಲ್ಲಿ ಸಾಹಿತ್ಯ ಬೇರೆ, ಮಟ್ಟು ಬೇರೆ, ಧ್ವನಿಮುದ್ರಣ ಬೇರೆ. ಕಾನೂನು ಮೂರನ್ನೂ ಪ್ರತ್ಯೇಕವಾಗಿಯೇ ನೋಡುತ್ತದೆ. ಭಾರತದ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಸಾಹಿತ್ಯಕ್ಕೂ ಸಂಗೀತಕ್ಕೂ ರಕ್ಷಣೆ ಇರುವುದು ಕರ್ತೃವಿನ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮರುವರ್ಷದ ಜನವರಿ 1ರಿಂದ 60 ವರ್ಷ. ಧ್ವನಿಮುದ್ರಿಕೆಗೆ ಅದು ಹೊರಬಂದ ಮರುವರ್ಷದಿಂದ 60 ವರ್ಷ.

ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಮೈಸೂರು ವಾಸುದೇವಾಚಾರ್ಯರು 1961ರಲ್ಲಿ ತೀರಿಕೊಂಡರು. ಅವರ ರಚನೆಗಳ ಮೇಲಿನ ಕಾಪಿರೈಟ್ ಇಲ್ಲಿ 2021ರ ಕೊನೆಗೆ ಮುಗಿಯಿತು, 2022ರ ಜನವರಿ 1ರಿಂದ ಅವು ಎಲ್ಲರ ಸ್ವತ್ತು. ಜಯಚಾಮರಾಜ ಒಡೆಯರ್ ತೀರಿಕೊಂಡದ್ದು 1974ರಲ್ಲಿ, ಅವರ ಕೃತಿಗಳಿಗೆ 2034ರ ಕೊನೆಯವರೆಗೆ ಕಾಯಬೇಕು. ಬೇಂದ್ರೆಯವರ ಕವನಗಳಿಗೆ 2041ರ ಕೊನೆ, ಕುವೆಂಪು ಅವರ ಕವನಗಳಿಗೆ 2054ರ ಕೊನೆ. ಭಾವಗೀತೆ ಬಹಳ ಇಷ್ಟ ಎಂದು ಕೋಡಿಗೆ ಇಳಿಸಿ ‘ಕಾಪಿರೈಟ್ ಇಲ್ಲ’ ಎಂದು ಹಂಚಬೇಡಿ. ಅಲ್ಲಿ ಕವಿಯ ಹಕ್ಕೂ ಇರುತ್ತದೆ, ಮಟ್ಟು ಹಾಕಿದವರ ಹಕ್ಕೂ ಇರುತ್ತದೆ. ದಾಸರ ಪದ, ವಚನಗಳ ವಿಷಯದಲ್ಲಿ ಎಡವುವುದು ಇಲ್ಲಿಯೇ. ಸಾಹಿತ್ಯ ಶತಮಾನಗಳಷ್ಟು ಹಳೆಯದು, ಆದರೆ ನಾವೆಲ್ಲ ಕೇಳಿ ಬೆಳೆದ ಮಟ್ಟನ್ನು 1970ರ ಆಚೀಚೆ ಯಾರೋ ವಿದ್ವಾಂಸರು ಕೂಡಿಸಿರಬಹುದು. ಆ ಮಟ್ಟು ಅವರದೇ.

ಜಾನಪದ ಗೀತೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಜಾನಪದ ಎಂದೇ ಪ್ರಸಿದ್ಧವಾಗಿರುವ ಹಾಡುಗಳಲ್ಲಿ ಕೆಲವನ್ನು ಹೆಸರು ಗೊತ್ತಿರುವ ಕವಿಗಳೇ ಬರೆದಿದ್ದಾರೆ. ಹಾಡಿಕೊಂಡು ಬಂದ ಅಜ್ಜಿಯಿಂದ ನೇರವಾಗಿ ಕೇಳಿ ಬರೆದುಕೊಂಡಿದ್ದರೆ ಅವರ ಹೆಸರು, ಊರು ಹಾಕಬಹುದಾ ಎಂದು ಅವರನ್ನೇ ಕೇಳಿ. ಕಾನೂನು ಒತ್ತಾಯಿಸದಿದ್ದರೂ ಇದು ನಾವು ಕೊಡಬೇಕಾದ ಮರ್ಯಾದೆ.

ಸ್ವರಪ್ರಸ್ತಾರವನ್ನು (ಹಾಡಿನ ಸ್ವರಗಳನ್ನು ಬರೆದಿಟ್ಟ ರೂಪ) ಎಲ್ಲಿಂದ ತೆಗೆದುಕೊಳ್ಳುತ್ತೀರಿ ಎಂಬುದೂ ಮುಖ್ಯ. ತ್ಯಾಗರಾಜರ ಕೃತಿ ಯಾರ ಸ್ವತ್ತೂ ಅಲ್ಲ, ಆದರೆ ಹತ್ತು ವರ್ಷದ ಹಿಂದೆ ಅಚ್ಚಾದ ಪುಸ್ತಕದಲ್ಲಿ ಸಂಪಾದಕರು ತಾವೇ ಸಂಗತಿಗಳನ್ನು (ಒಂದೇ ಸಾಲನ್ನು ಬೇರೆ ಬೇರೆ ರೀತಿ ಹಾಡುವುದು) ಜೋಡಿಸಿ, ಗಮಕಕ್ಕೆ (ಸ್ವರವನ್ನು ಜಾರಿಸುವುದು, ಅಲುಗಿಸುವುದು) ಚಿಹ್ನೆ ಹಾಕಿ ಬರೆದಿದ್ದರೆ ಅದನ್ನು ಸಾಲುಸಾಲಾಗಿ ಟೈಪ್ ಮಾಡುವುದು ಸರಿಯಲ್ಲ. ಕಲಿತದ್ದನ್ನು ನೆನಪಿನಿಂದ ಬರೆಯಿರಿ, ಇಲ್ಲವೇ ಅವಧಿ ಮುಗಿದ ಪುಸ್ತಕ ನೋಡಿ. ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಿಂದ ಪ್ರಕಟಿಸಿದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಇದಕ್ಕೆ ಒಳ್ಳೆಯ ಆಕರ. ತೆಲುಗು ಲಿಪಿಯಲ್ಲಿದೆ, ಕನ್ನಡಿಗರಿಗೆ ಓದಲು ಕಷ್ಟವಾಗದು. ಗಮಕಗಳಿಗೂ ಅದರಲ್ಲಿ ಚಿಹ್ನೆಗಳಿವೆ.

ಹಳೆಯ ಗಾಯಕರ ಧ್ವನಿಯ ತುಣುಕನ್ನು ಮಾತ್ರ ಕೋಡಿನೊಳಗೆ ಸೇರಿಸಬೇಡಿ. ಹಾಡು ಎಷ್ಟೇ ಹಳೆಯದಾಗಿದ್ದರೂ 1966ರಲ್ಲೋ ಆಮೇಲೋ ಹೊರಬಂದ ಮುದ್ರಿಕೆಗೆ ಈಗಲೂ ರಕ್ಷಣೆ ಇದೆ.

ಸ್ವರದಿಂದ ಅಂಕಿಗೆ

ಇನ್ನು ಬರೆಯೋಣ. ಸೋನಿಕ್ ಪೈ ತೆರೆದರೆ ಬರೆಯುವ ಜಾಗ ಸಿಗುತ್ತದೆ, ಅಂಥ ಹತ್ತು ಹಾಳೆಗಳಿವೆ. ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಮೊದಲು ಗೊತ್ತಿರಬೇಕಾದವು ಎರಡೇ. ‘ಪ್ಲೇ’ ಎಂದು ಬರೆದು ಪಕ್ಕದಲ್ಲಿ ಅಂಕಿ ಕೊಟ್ಟರೆ ಆ ಸ್ವರ ನುಡಿಯುತ್ತದೆ, ‘ಸ್ಲೀಪ್’ ಎಂದು ಬರೆದು ಅಂಕಿ ಕೊಟ್ಟರೆ ಅಷ್ಟು ಹೊತ್ತು ಕಾಯುತ್ತದೆ. 60 ಎಂದರೆ ಹಾರ್ಮೋನಿಯಂನ ಒಂದನೇ ಶ್ರುತಿಯ ಷಡ್ಜ. ಒಂದೊಂದು ಅಂಕಿ ಏರಿದಂತೆ ಅರ್ಧ ಸ್ವರ ಏರುತ್ತದೆ, 72 ತಾರಷಡ್ಜ.

ಪಿಳ್ಳಾರಿ ಗೀತೆ ಇರುವುದು ಮಲಹರಿ ರಾಗದಲ್ಲಿ. ಅದು 15ನೇ ಮೇಳ, ಅಂದರೆ ಮೂಲ ರಾಗವಾದ ಮಾಯಾಮಾಳವಗೌಳದಿಂದ ಹುಟ್ಟಿದ ಜನ್ಯ ರಾಗ. ಆರೋಹಣದಲ್ಲಿ ಗಾಂಧಾರ ನಿಷಾದ ಇಲ್ಲ, ಅವರೋಹಣದಲ್ಲಿ ಗಾಂಧಾರ ಬರುತ್ತದೆ, ನಿಷಾದ ಎರಡರಲ್ಲೂ ಇಲ್ಲ. ಅಂಕಿಗಳು ಹೀಗೆ: ಸ 60, ಶುದ್ಧ ರಿಷಭ 61, ಅಂತರ ಗಾಂಧಾರ 64, ಶುದ್ಧ ಮಧ್ಯಮ 65, ಪಂಚಮ 67, ಶುದ್ಧ ಧೈವತ 68, ತಾರಷಡ್ಜ 72, ತಾರರಿಷಭ 73.

ಗೀತೆಯ ಮೊದಲ ನಾಲ್ಕು ಆವರ್ತ, ರೂಪಕ ತಾಳಕ್ಕೆ ಆರಾರು ಅಕ್ಷರ:

ಮ ಪ | ದ ಸ ಸ ರಿ — 65, 67, 68, 72, 72, 73
ರಿ ಸ | ದ ಪ ಮ ಪ — 73, 72, 68, 67, 65, 67
ರಿ ಮ | ಪ ದ ಮ ಪ — 61, 65, 67, 68, 65, 67
ದ ಪ | ಮ ಗ ರಿ ಸ — 68, 67, 65, 64, 61, 60

ಈ 24 ಅಂಕಿಗಳನ್ನು ಚೌಕ ಆವರಣದಲ್ಲಿ ಅಲ್ಪವಿರಾಮ ಹಾಕುತ್ತಾ ಬರೆದು, ‘ಪ್ಲೇ ಪ್ಯಾಟರ್ನ್ ಟೈಮ್ಡ್’ ಎಂಬ ಆಜ್ಞೆಗೆ ಕೊಡಿ (ಮೂರು ಪದಗಳ ನಡುವೆ ಖಾಲಿ ಜಾಗ ಬಿಡದೆ ಅಡಿಗೆರೆ ಹಾಕಬೇಕು). ಪಟ್ಟಿ ಮುಗಿದ ಮೇಲೆ ಒಂದು ಅಲ್ಪವಿರಾಮ ಹಾಕಿ 0.5 ಎಂದು ಬರೆದರೆ ಪ್ರತಿ ಸ್ವರಕ್ಕೂ ಅರ್ಧ ಮಾತ್ರೆ. ರನ್ ಗುಂಡಿ ಒತ್ತಿ. ಚಿಕ್ಕಂದಿನಲ್ಲಿ ಚಾಪೆಯ ಮೇಲೆ ಕೂತು ತೊಡೆ ತಟ್ಟಿ ಹಾಡಿದ ಗೀತೆ ಯಂತ್ರದಿಂದ ಬರುವುದನ್ನು ಮೊದಲ ಬಾರಿ ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು.

ನಾದಕ್ಕೆ ‘ಯೂಸ್ ಸಿಂತ್’ ಆಜ್ಞೆ ಇದೆ. ‘ಪ್ಲಕ್’ ಎಂಬ ನಾದ ತಂತಿ ಮೀಟಿದಂತೆ ಕೇಳುತ್ತದೆ. ಕಾಲ ಬದಲಿಸಲು ‘ಯೂಸ್ ಬಿಪಿಎಂ’. ಏನೂ ಹೇಳದಿದ್ದರೆ ನಿಮಿಷಕ್ಕೆ 60 ಮಾತ್ರೆ, ಕಲಿಯುವ ಮಕ್ಕಳಿಗೆ 45 ಸಾಕು. ಶ್ರುತಿ ಬದಲಿಸಲು 24 ಅಂಕಿಗಳನ್ನೂ ತಿದ್ದಬೇಡಿ. ಮೇಲ್ಗಡೆ ‘ಯೂಸ್ ಟ್ರಾನ್ಸ್‌ಪೋಸ್’ ಎಂದು ಒಂದೇ ಸಾಲು ಸೇರಿಸಿದರೆ ಮುಗಿಯಿತು: ಐದೂವರೆ ಶ್ರುತಿಗೆ -4, ಐದಕ್ಕೆ -5, ಎರಡಕ್ಕೆ 2. ಹಂಚುವ ಕೋಡಿನಲ್ಲಿ ಈ ಸಾಲನ್ನು ಮೊದಲೇ ಇಟ್ಟು, ಬೆಲೆ 0 ಕೊಟ್ಟು, ಪಕ್ಕದಲ್ಲಿ ‘ನಿಮ್ಮ ಶ್ರುತಿಗೆ ತಕ್ಕಂತೆ ಇದನ್ನು ಬದಲಿಸಿಕೊಳ್ಳಿ’ ಎಂದು ಬರೆದಿಡಿ. ಕೋಡ್ ಬರದವರೂ ಅಷ್ಟನ್ನು ಮಾಡಿಕೊಳ್ಳುತ್ತಾರೆ.

ತಂಬೂರಿಗೆ ‘ಲೈವ್ ಲೂಪ್’ ಎಂಬ ಸುತ್ತು ಮಾಡಿಕೊಳ್ಳಬಹುದು. ಪ ಸ ಸ ಸ ಎಂಬ ನಾಲ್ಕು ತಂತಿಗೆ 55, 60, 60, 48. ಪ್ರತಿಯೊಂದಕ್ಕೂ ‘ರಿಲೀಸ್’ 4ರಷ್ಟು ಕೊಟ್ಟರೆ ಒಂದರ ಅನುರಣನದ ಮೇಲೆ ಇನ್ನೊಂದು ಬಂದು ಕೂರುತ್ತದೆ. ಗೀತೆ ಒಂದು ಕಡೆ, ತಂಬೂರಿ ಇನ್ನೊಂದು ಕಡೆ, ಎರಡೂ ಒಟ್ಟಿಗೆ ಓಡುತ್ತವೆ.

ಗಮಕದ ಮಾತು

ಇಷ್ಟಕ್ಕೇ ನಿಲ್ಲಿಸಿದರೆ ಅದು ಗೀತೆಯ ಅಸ್ಥಿಪಂಜರ. ಸಂಗೀತ ಬಲ್ಲವರು ಕೇಳಿ ಮುಖ ಸಿಂಡರಿಸುತ್ತಾರೆ, ಅದರಲ್ಲಿ ತಪ್ಪಿಲ್ಲ. ಅರ್ಧ ಸ್ವರದ ಮೆಟ್ಟಿಲುಗಳ ಮೇಲೆ ಹೆಜ್ಜೆ ಇಡುವುದು ಹಾರ್ಮೋನಿಯಂ. ನಮ್ಮ ಸಂಗೀತ ಮೆಟ್ಟಿಲುಗಳ ನಡುವೆಯೂ ಓಡಾಡುತ್ತದೆ.

ಸೋನಿಕ್ ಪೈಯಲ್ಲಿ ಅಂಕಿ ಪೂರ್ಣಾಂಕವೇ ಆಗಬೇಕೆಂದಿಲ್ಲ. ಅಂತರ ಗಾಂಧಾರಕ್ಕೆ 64ರ ಬದಲು 63.86 ಕೊಟ್ಟು ನೋಡಿ, ತಂಬೂರಿಯ ಜೊತೆ ಅದು ಎಷ್ಟು ಚೆನ್ನಾಗಿ ಬೆರೆಯುತ್ತದೆ ಎಂದು ಕಿವಿಯೇ ಹೇಳುತ್ತದೆ. ಷಡ್ಜಕ್ಕೆ 5:4ರ ಅನುಪಾತದಲ್ಲಿರುವ ಗಾಂಧಾರ ಅದು. ಜಾರು ಬೇಕೆಂದರೆ ಸ್ವರವನ್ನು ನುಡಿಸುವಾಗ ಅದಕ್ಕೊಂದು ಹೆಸರು ಕೊಟ್ಟು, ‘ನೋಟ್ ಸ್ಲೈಡ್’ 0.1 ಎಂದು ಸೇರಿಸಿ, ಸ್ವಲ್ಪ ಹೊತ್ತು ಕಾದು, ‘ಕಂಟ್ರೋಲ್’ ಆಜ್ಞೆಯಿಂದ ಆ ಹೆಸರಿನ ಸ್ವರವನ್ನು 68ರಿಂದ 67ಕ್ಕೆ ತನ್ನಿ. ನಡುವೆ ಕತ್ತರಿಸದೆ ಧೈವತ ಪಂಚಮಕ್ಕೆ ಜಾರುತ್ತದೆ. ಕಂಪಿತಕ್ಕೆ ಇದನ್ನೇ ಮೇಲೆ ಕೆಳಗೆ ನಾಲ್ಕಾರು ಬಾರಿ ಮಾಡಿಸಬೇಕು. ಇದಕ್ಕೆ ಎಳೆದು ನಿಲ್ಲುವ ನಾದ ಬೇಕು, ‘ಬ್ಲೇಡ್’ ಅಥವಾ ‘ಟ್ರೈ’ ಒಪ್ಪುತ್ತದೆ. ಪಿಯಾನೋ ನಾದ ಒಮ್ಮೆ ಬಾರಿಸಿದ ಮೇಲೆ ಜಾರುವುದಿಲ್ಲ.

ಗಮಕಕ್ಕೆ ಇಷ್ಟು ಜಾಗ ಕೊಟ್ಟದ್ದಕ್ಕೆ ಕಾರಣವಿದೆ. ಮ ಪ ದ ಸ ಸ ರಿ ಎಂಬುದು ಎಲ್ಲರದು. ಆದರೆ ಯಾವ ಧೈವತವನ್ನು ಎಷ್ಟು ಹೊತ್ತು ಎಳೆಯಬೇಕು, ಎಲ್ಲಿಂದ ಜಾರಿಸಬೇಕು ಎಂಬುದನ್ನು ಕೂತು ಕೇಳಿ ತಿದ್ದಿ ಬರೆದವರು ನೀವು. ಕಾಪಿರೈಟ್ ಹುಟ್ಟುವುದು ಅಲ್ಲಿ. ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಸಾಹಿತ್ಯ ಕೃತಿ ಎಂದೇ ಎಣಿಸುತ್ತದೆ. ಎಲ್ಲೂ ನೋಂದಣಿ ಮಾಡಿಸಬೇಕಿಲ್ಲ, ‘ಸಿ’ ಅಕ್ಷರದ ಸುತ್ತ ವೃತ್ತ ಹಾಕಬೇಕಿಲ್ಲ, ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ಅದನ್ನು ಬಿಟ್ಟುಕೊಡಬೇಕೆಂದರೆ ನೀವೇ ಬಾಯಿಬಿಟ್ಟು ಹೇಳಬೇಕು.

ಹೊರಗಿನ ಧ್ವನಿ ಸೇರಿಸುವುದಾದರೆ

ಮೃದಂಗವೋ ತಬಲವೋ ಇದ್ದರೆ ಚೆನ್ನ ಅನ್ನಿಸುವುದು ಸಹಜ. ಸೋನಿಕ್ ಪೈಯ ಒಳಗೇ ಇರುವ ಧ್ವನಿ ತುಣುಕುಗಳಲ್ಲಿ ತಬಲದ ಬೋಲುಗಳೂ ಇವೆ. ಒಳಗಿನ ತುಣುಕುಗಳು ಧ್ವನಿ ಹಂಚುವ ಫ್ರೀಸೌಂಡ್ ತಾಣದಿಂದ ಸಿಸಿ ಜೀರೋ (ಎಲ್ಲ ಹಕ್ಕನ್ನೂ ಬಿಟ್ಟುಕೊಡುವ ಘೋಷಣೆ, ಮುಂದೆ ಹೇಳುತ್ತೇನೆ) ಅಡಿಯಲ್ಲಿ ಬಂದವು, ಹಾಗಾಗಿ ತಲೆನೋವಿಲ್ಲ. ಮೃದಂಗ ಅದರಲ್ಲಿಲ್ಲ. ಸ್ನೇಹಿತರೊಬ್ಬರಿಂದ ನುಡಿಸಿ ಮುದ್ರಿಸಿಕೊಂಡರೆ ‘ಇದನ್ನು ಎಲ್ಲರ ಬಳಕೆಗೂ ಬಿಡುತ್ತೇನೆ’ ಎಂದು ಅವರಿಂದ ಒಂದು ಸಾಲು ಬರೆಸಿಕೊಳ್ಳಿ. ನುಡಿಸಿದವರಿಗೂ ಕಾನೂನಿನಲ್ಲಿ ಪ್ರತ್ಯೇಕ ಹಕ್ಕಿದೆ. ಫ್ರೀಸೌಂಡ್‌ನಿಂದ ನೀವೇ ಇಳಿಸಿಕೊಳ್ಳುವಾಗ ಪ್ರತಿ ತುಣುಕಿನ ಲೈಸೆನ್ಸ್ ನೋಡಿ. ಅಲ್ಲಿ ಸಿಸಿ ಜೀರೋ ಕೂಡ ಇದೆ, ವಾಣಿಜ್ಯ ಬಳಕೆಗೆ ಬೇಡ ಎಂಬವೂ ಇವೆ. ವಾಣಿಜ್ಯ ಬಳಕೆ ಬೇಡವೆಂದ ಒಂದೇ ಒಂದು ‘ತೋಂ’ ಸೇರಿದರೂ ಆ ಮುದ್ರಣವನ್ನು ‘ಯಾರು ಏನು ಬೇಕಾದರೂ ಮಾಡಿ’ ಎಂದು ಕೊಡಲಾಗದು.

ಹೊರಗಿನ ಕಡತ ಸೇರಿಸಿದರೆ ಕೋಡಿನಲ್ಲಿ ಅದರ ವಿಳಾಸ ನಿಮ್ಮ ಕಂಪ್ಯೂಟರಿನದಾಗಿರುತ್ತದೆ, ಬೇರೆಯವರಲ್ಲಿ ಓಡುವುದಿಲ್ಲ. ಆ ವಿಳಾಸವನ್ನು ಕೋಡಿನ ಮೊದಲಲ್ಲೇ ಒಂದು ಹೆಸರಿಗೆ ಕೊಟ್ಟು, ಇಲ್ಲಿ ನಿಮ್ಮ ಫೋಲ್ಡರ್ ಬರೆಯಿರಿ ಎಂದು ಸೂಚನೆ ಹಾಕಿ. ಹೊರಗಿನದು ಏನೂ ಇಲ್ಲದೆ ಬರೆದ ಕೋಡೇ ಹಂಚಲು ಅತ್ಯುತ್ತಮ ಎಂಬುದು ನನ್ನ ಅನುಭವ. ಒಂದು ಕಡತ, ಅಷ್ಟರಲ್ಲೇ ಎಲ್ಲವೂ ಇರುತ್ತದೆ.

ಸ್ವಂತ ರಚನೆಯಲ್ಲಿ ಯಾದೃಚ್ಛಿಕ ಸ್ವರಗಳನ್ನು ಬಳಸುವವರು ಹೆದರಬೇಕಿಲ್ಲ. ಸೋನಿಕ್ ಪೈ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಕ್ರಮದ ‘ಯಾದೃಚ್ಛಿಕ’ ಅಂಕಿಗಳನ್ನು ಕೊಡುತ್ತದೆ. ನೀವು ಧಾರವಾಡದಲ್ಲಿ ಕೇಳಿದ್ದನ್ನೇ ಇನ್ನೊಬ್ಬರು ದುಬೈಯಲ್ಲಿ ಕೇಳುತ್ತಾರೆ.

ಲೈಸೆನ್ಸ್ ಆರಿಸುವುದು

ನನ್ನ ಸಲಹೆ ಸಿಸಿ ಜೀರೋ. ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ 2009ರಲ್ಲಿ ಇದನ್ನು ಹೊರತಂದಿತು. ಅರ್ಥ ಇಷ್ಟೇ: ಕಾನೂನು ಬಿಡುವಷ್ಟರ ಮಟ್ಟಿಗೆ ನನ್ನ ಎಲ್ಲ ಹಕ್ಕನ್ನೂ ಬಿಟ್ಟಿದ್ದೇನೆ, ಪೂರ್ತಿ ಬಿಡಲು ಕಾನೂನು ಒಪ್ಪದ ಕಡೆ ಯಾವ ಷರತ್ತೂ ಇಲ್ಲದ ಅನುಮತಿ ಕೊಟ್ಟಿದ್ದೇನೆ. ಕೋಡಿಗೂ ಧ್ವನಿಗೂ ಇದೊಂದೇ ಸಾಕು. ಕ್ರಿಯೇಟಿವ್ ಕಾಮನ್ಸ್‌ನ ಉಳಿದ ಲೈಸೆನ್ಸುಗಳನ್ನು ತಂತ್ರಾಂಶಕ್ಕೆ ಬಳಸಬೇಡಿ ಎಂದು ಆ ಸಂಸ್ಥೆಯೇ ಹೇಳುತ್ತದೆ. ಹೆಸರು ಉಳಿಯಲಿ ಎಂಬ ಆಸೆ ಇದ್ದರೆ ಧ್ವನಿಮುದ್ರಣಕ್ಕೆ ಸಿಸಿ ಬೈ, ಕೋಡಿಗೆ ಎಂಐಟಿ ಲೈಸೆನ್ಸ್ ಹಾಕಬಹುದು. ಅದೂ ಒಳ್ಳೆಯದೇ. ಆದರೆ ಅದನ್ನು ‘ಕಾಪಿರೈಟ್ ಇಲ್ಲದ ಹಾಡು’ ಎನ್ನಬೇಡಿ. ಕಾಪಿರೈಟ್ ಇಟ್ಟುಕೊಂಡೇ ಅನುಮತಿ ಕೊಟ್ಟ ಹಾಡು ಅದು.

ಭಾರತದ ಕಾಯ್ದೆಯ 21ನೇ ಕಲಂ ಕರ್ತೃ ತನ್ನ ಹಕ್ಕನ್ನು ಬಿಟ್ಟುಕೊಡಲು ದಾರಿ ಕೊಟ್ಟಿದೆ. ಮೊದಲು ಕಾಪಿರೈಟ್ ರಿಜಿಸ್ಟ್ರಾರರಿಗೆ ನೋಟಿಸ್ ಕೊಡಬೇಕಿತ್ತು. 2012ರ ತಿದ್ದುಪಡಿಯಿಂದ ಸಾರ್ವಜನಿಕ ಪ್ರಕಟಣೆಯ ಮೂಲಕವೂ ಬಿಡಬಹುದು. ಹಾಗಾಗಿ ಸಿಸಿ ಜೀರೋ ಎಂದು ಬರೆಯುವುದರ ಜೊತೆಗೆ ಸ್ಪಷ್ಟ ಕನ್ನಡದಲ್ಲಿ ಒಂದು ಪ್ರಕಟಣೆಯನ್ನೂ ಹಾಕಿ. ಮಾದರಿ ಕೆಳಗಿದೆ.

ಸಹಿ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ. ಹಾಡು ಬರೆದವರ, ಸಂಗೀತ ಕೂಡಿಸಿದವರ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್‌ನಂಥ ಸಂಘದ ಸದಸ್ಯರಾಗಿ ನಿಮ್ಮ ರಚನೆಗಳ ಹಕ್ಕನ್ನು ಅವರಿಗೆ ವರ್ಗಾಯಿಸಿದ್ದೀರಾ? ಹಾಗಿದ್ದರೆ ನಿಮ್ಮದಲ್ಲದ್ದನ್ನು ನೀವು ಬಿಡಲಾಗದು. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತೀರಾ? ಬಿಡುವಿನಲ್ಲಿ ಬರೆದ ಕೋಡೂ ಕಂಪನಿಯದೇ ಎಂದು ಕೆಲವು ಒಪ್ಪಂದಗಳಲ್ಲಿ ಇರುತ್ತದೆ, ಓದಿ ನೋಡಿ. ಬರೆದದ್ದು ಹದಿನೆಂಟು ತುಂಬದ ಮಕ್ಕಳಾ? ತಂದೆ ತಾಯಿಯ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಸಿಸಿ ಜೀರೋ ಅಡಿ ಒಮ್ಮೆ ಬಿಟ್ಟದ್ದನ್ನು ವಾಪಸ್ ಪಡೆಯುವಂತಿಲ್ಲ. ನಾಳೆ ಯಾರೋ ನಿಮ್ಮ ತಂಬೂರಿ ಸುತ್ತನ್ನು ಜಾಹೀರಾತಿಗೆ ಹಾಕಿಕೊಂಡರೂ ದುಡ್ಡು ಕೇಳಲಾಗದು. ಆ ಮಾತು ನಿಜವಾಗಿ ಒಪ್ಪಿಗೆಯಾದರೆ ಮಾತ್ರ ಮುಂದೆ ಹೋಗಿ.

ಕಡತದ ತಲೆಬರಹ

ರೂಬಿಯಲ್ಲಿ # ಚಿಹ್ನೆಯಿಂದ ಶುರುವಾದ ಸಾಲನ್ನು ಯಂತ್ರ ಓದುವುದಿಲ್ಲ, ಮನುಷ್ಯರು ಓದುತ್ತಾರೆ. ಅಲ್ಲಿ ಕನ್ನಡದಲ್ಲೇ ಬರೆಯಿರಿ, ಯೂನಿಕೋಡ್‌ನಲ್ಲಿ. ನಾನೀಗ ಪ್ರತಿ ಕಡತದ ಮೇಲೂ ಇದನ್ನು ಹಾಕುತ್ತೇನೆ:

# ಹಾಡು: ಶ್ರೀ ಗಣನಾಥ (ಪಿಳ್ಳಾರಿ ಗೀತೆ)
# ರಾಗ: ಮಲಹರಿ, ತಾಳ: ರೂಪಕ
# ರಚನೆ: ಪುರಂದರದಾಸರದೆಂದು ಪರಂಪರೆ. ಕಾಪಿರೈಟ್ ಅವಧಿ ಇಲ್ಲ.
# ಸ್ವರಗಳ ಆಧಾರ: ಗುರುಮುಖದಿಂದ ಕಲಿತದ್ದು, ನೆನಪಿನಿಂದ ಬರೆದದ್ದು
# ಕೋಡ್, ಗಮಕ ಜೋಡಣೆ: (ನಿಮ್ಮ ಹೆಸರು, ಊರು, ವರ್ಷ)
# ಹೊರಗಿನ ಧ್ವನಿ ತುಣುಕು: ಯಾವುದೂ ಇಲ್ಲ
# ಬರೆದ ತಂತ್ರಾಂಶ: ಸೋನಿಕ್ ಪೈ, ಆವೃತ್ತಿ 4
# ಪ್ರಕಟಣೆ: ಈ ಕೋಡ್, ಇದರಲ್ಲಿರುವ ನನ್ನ ಸ್ವರ ಜೋಡಣೆ ಮತ್ತು ಇದರಿಂದ ನಾನು
# ಮಾಡಿದ ಧ್ವನಿಮುದ್ರಣ, ಈ ಮೂರರ ಮೇಲೂ ನನಗಿರುವ ಎಲ್ಲ ಹಕ್ಕುಗಳನ್ನು
# ಸಿಸಿ ಜೀರೋ 1.0 ಅಡಿಯಲ್ಲಿ ಸಾರ್ವಜನಿಕವಾಗಿ ಬಿಟ್ಟುಕೊಟ್ಟಿದ್ದೇನೆ.

ಹಾಡಿನ ಹೆಸರು, ರಾಗ, ಲೈಸೆನ್ಸ್ ಇಷ್ಟನ್ನು ಇಂಗ್ಲಿಷ್ ಲಿಪಿಯಲ್ಲೂ ಇನ್ನೊಮ್ಮೆ ಬರೆಯಿರಿ. ಕನ್ನಡ ಓದಲು ಬಾರದ ಚೆನ್ನೈನ ಮಕ್ಕಳಿಗೂ ಹುಡುಕಿದಾಗ ಸಿಗಬೇಕಲ್ಲ. ‘ಸ್ವರಗಳ ಆಧಾರ’ ಎಂಬ ಸಾಲನ್ನು ಯಾವತ್ತೂ ಬಿಡಬೇಡಿ. ಯಾರಾದರೂ ಪ್ರಶ್ನೆ ಎತ್ತಿದರೆ ಮೊದಲು ನೋಡುವುದು ಅದನ್ನೇ.

ಎಲ್ಲಿ ಇಡುವುದು

ಸೇವ್ ಗುಂಡಿ ಒತ್ತಿದರೆ ಕೋಡ್ ಸಾದಾ ಪಠ್ಯ ಕಡತವಾಗಿ ಉಳಿಯುತ್ತದೆ. ರೆಕ್ ಗುಂಡಿ ಒತ್ತಿ, ಹಾಡು ನುಡಿಸಿ, ಮತ್ತೆ ಒತ್ತಿದರೆ ವೇವ್ ಕಡತ ಸಿಗುತ್ತದೆ. ಎರಡನ್ನೂ ಕೊಡಿ. ಕೋಡ್ ಓಡಿಸಲು ಬಾರದವರು ಕೇಳಲಿ.

ಕೋಡಿಗೆ ಗಿಟ್‌ಹಬ್, ಗಿಟ್‌ಲ್ಯಾಬ್, ಕೋಡ್‌ಬರ್ಗ್ ಯಾವುದಾದರೂ ಆದೀತು. ಒಂದು ಹಾಡಿಗೆ ಒಂದು ಫೋಲ್ಡರ್ ಮಾಡಿ, ಜೊತೆಗೆ ಸಿಸಿ ಜೀರೋದ ಪೂರ್ಣ ಪಠ್ಯವನ್ನು ಲೈಸೆನ್ಸ್ ಎಂಬ ಹೆಸರಿನ ಕಡತದಲ್ಲಿಡಿ. ಧ್ವನಿಗೆ ಇಂಟರ್ನೆಟ್ ಆರ್ಕೈವ್ ಅನುಕೂಲ, ಏರಿಸುವಾಗಲೇ ಸಿಸಿ ಜೀರೋ ಆರಿಸಬಹುದು. ಕನ್ನಡ ವಿಕಿಪೀಡಿಯದ ರಾಗಗಳ ಲೇಖನದಲ್ಲಿ ನಿಮ್ಮ ಮಲಹರಿ ಕೇಳಬೇಕೆಂದರೆ ವಿಕಿಪೀಡಿಯದ ಚಿತ್ರ, ಧ್ವನಿಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ. ಅಲ್ಲಿ ಒಂದು ನಿಯಮ ನೆನಪಿರಲಿ: ಕೃತಿ ಹುಟ್ಟಿದ ದೇಶದಲ್ಲೂ ಅಮೆರಿಕದಲ್ಲೂ ಮುಕ್ತವಾಗಿರಬೇಕು. ಅಮೆರಿಕದಲ್ಲಿ 1978ಕ್ಕೆ ಮೊದಲು ಪ್ರಕಟವಾದವಕ್ಕೆ 95 ವರ್ಷದವರೆಗೂ ರಕ್ಷಣೆ ಇರಬಹುದು. ವಾಸುದೇವಾಚಾರ್ಯರ ಕೊನೆಗಾಲದ ಪ್ರಕಟಣೆಗಳನ್ನು ಇಲ್ಲಿ ನಿಶ್ಚಿಂತೆಯಿಂದ ಬಳಸಬಹುದಾದರೂ ಅಲ್ಲಿನ ಕನ್ನಡ ಕೂಟದವರು ಪ್ರಕಟಣೆಯ ವರ್ಷ ನೋಡಿಯೇ ಮುಂದುವರಿಯಬೇಕು. ಪಿಳ್ಳಾರಿ ಗೀತೆಗೆ, ತ್ಯಾಗರಾಜ, ಮುತ್ತುಸ್ವಾಮಿ ದೀಕ್ಷಿತರ ಕೃತಿಗಳಿಗೆ ಆ ಚಿಂತೆ ಇಲ್ಲ.

ಏನನ್ನೂ ಇನ್‌ಸ್ಟಾಲ್ ಮಾಡಲಾಗದ ಶಾಲೆಗಳಿಗೆ ಸ್ಟ್ರೂಡಲ್ ಇದೆ. ಬ್ರೌಸರಿನಲ್ಲೇ ಓಡುತ್ತದೆ, ಬರೆದದ್ದನ್ನು ಲಿಂಕ್ ಮಾಡಿ ಕಳಿಸಿದರೆ ಎದುರಿನವರು ಅಲ್ಲೇ ತೆರೆದು ತಿದ್ದಬಹುದು.

ವಿಡಿಯೊ ತಾಣಗಳ ಬಗ್ಗೆ ಒಂದು ಅನುಭವ ಹೇಳುತ್ತೇನೆ. ನನ್ನ ಕೋಡಿನಿಂದಲೇ ಹುಟ್ಟಿದ ಗೀತೆಯನ್ನು ಒಂದು ತಾಣಕ್ಕೆ ಹಾಕಿದಾಗ, ಅದು ಯಾವುದೋ ಮುದ್ರಿಕೆಯದೆಂದು ಯಂತ್ರವೇ ತಕರಾರು ಎತ್ತಿತು. ಹಾಡು ಒಂದೇ ಆದ್ದರಿಂದ ಹೋಲಿಕೆ ಕಂಡಿರಬೇಕು. ಆಗ ಕೈಹಿಡಿದದ್ದು ಕೋಡ್. ಪ್ರತಿ ಸ್ವರವೂ ಎಲ್ಲಿಂದ ಹುಟ್ಟಿತೆಂದು ಅದರಲ್ಲಿ ಬರೆದಿತ್ತು, ಪ್ರಕಟಿಸಿದ ದಿನಾಂಕವೂ ಇತ್ತು. ಅದರ ಲಿಂಕ್ ಕೊಟ್ಟು ಉತ್ತರ ಬರೆದೆ, ತಕರಾರು ಬಿದ್ದುಹೋಯಿತು. ಕೋಡನ್ನು ಮೊದಲು ಪ್ರಕಟಿಸಿ, ವಿಡಿಯೊ ಆಮೇಲೆ.

ಹಂಚುವ ಮುನ್ನ ಬೇರೆ ಯಾರದಾದರೂ ಕಂಪ್ಯೂಟರಿನಲ್ಲಿ ಒಮ್ಮೆ ಓಡಿಸಿ ನೋಡಿ. ನಿಮ್ಮ ಮನೆಯಲ್ಲಿ ನುಡಿದದ್ದು ಅಲ್ಲಿ ಮೌನವಾಗಿದ್ದರೆ ಕಾರಣ ಬಹುಮಟ್ಟಿಗೆ ಕಡತದ ವಿಳಾಸ, ಇಲ್ಲವೇ ಹಳೆಯ ಆವೃತ್ತಿ.

ಆ ಶಿಕ್ಷಕಿಗೆ ಅಂದೇ ರಾತ್ರಿ ತಲೆಬರಹ ಸೇರಿಸಿದ ಹೊಸ ಕಡತ ಕಳಿಸಿದೆ. ಎರಡು ವಾರ ಬಿಟ್ಟು ಅವರದು ವಾಪಸ್ ಬಂತು. ಟ್ರಾನ್ಸ್‌ಪೋಸ್ -4 ಆಗಿತ್ತು, ಕಾಲ 45ಕ್ಕೆ ಇಳಿದಿತ್ತು. ಎರಡನೇ ಆವರ್ತದ ಧೈವತಕ್ಕೆ ನಾನು ಕೊಟ್ಟಿದ್ದ ಜಾರನ್ನು ತೆಗೆದು, ಅವರ ಗುರುಗಳು ಹೇಳಿಕೊಟ್ಟಂತೆ ಸಣ್ಣ ಕಂಪಿತ ಹಾಕಿದ್ದರು. ನನ್ನ ಹೆಸರಿನ ಕೆಳಗೆ ಒಂದು ಸಾಲು ಹೊಸದಾಗಿತ್ತು: ‘# ಐದೂವರೆ ಶ್ರುತಿ, ಧೈವತ ತಿದ್ದುಪಡಿ: ಏಳನೇ ತರಗತಿ ಮಕ್ಕಳು ಮತ್ತು ಅವರ ಟೀಚರ್. ಇದೂ ಸಿಸಿ ಜೀರೋ.’ ಈಗ ನನ್ನ ಫೋಲ್ಡರಿನಲ್ಲಿರುವುದು ಅವರ ಕಡತವೇ.